ಹಗುರದ ಮನೆಯವರ ತೂಕ

ನಮ್ಮ ಊರಿಗೆ ಹೊಸದಾಗಿ ಬಂದ ನೆಂಟರು ಮೊದಲು ಮೋಸ ಹೋಗುವುದು ಮಂಡಕ್ಕಿಯ ಚೀಲದ ಹತ್ತಿರ. ಬಾಗಿಲಷ್ಟು ದೊಡ್ಡ ಕಲ್ಲುಚಪ್ಪಡಿಯನ್ನು ನಮ್ಮ ಹುಡುಗಿಯೊಬ್ಬಳು ಸೊಂಟಕ್ಕೆ ಒತ್ತಿಕೊಂಡು ಹಾಡುತ್ತಾ ಹೋಗುವುದನ್ನು ನೋಡಿ ಬಾಯಿ ತೆರೆದು ನಿಂತವರು, ಮಂಡಕ್ಕಿ ಚೀಲವನ್ನು ಒಂದೇ ಕೈಯಲ್ಲಿ ಎತ್ತಲು ಹೋಗಿ ನಡು ಹಿಡಿದುಕೊಂಡು ಕೂರುತ್ತಾರೆ. ಮಂಡಕ್ಕಿ ಅಂದರೆ ಸುಮ್ಮನೆ ಆಯಿತೇ? ಭತ್ತ ನೆನೆಸಬೇಕು, ಕುದಿಸಬೇಕು, ಒಣಗಿಸಬೇಕು, ಕುಟ್ಟಬೇಕು, ಭಟ್ಟಿಯ ಮುಂದೆ ಮೈ ಬೇಯಿಸಿಕೊಂಡು ಹುರಿಯಬೇಕು. ಅಷ್ಟೂ ಜನರ ಬೆವರು ಆ ಚೀಲದಲ್ಲಿ ಕೂತಿರುತ್ತದೆ. ಗುಡ್ಡದಿಂದ ಇದ್ದ ಹಾಗೇ ಎಬ್ಬಿಸಿ ತಂದ ಕಲ್ಲಿಗೆ ಉಳಿ ತಗುಲಿಲ್ಲ, ಸುತ್ತಿಗೆ ತಗುಲಿಲ್ಲ. ಅದಕ್ಕೆ ತೂಕ ಎಲ್ಲಿಂದ ಬರಬೇಕು? ನಮ್ಮಲ್ಲಿ ವಸ್ತುವಿನ ಭಾರವೆಂದರೆ ಅದರ ಮೇಲೆ ಬಿದ್ದ ದುಡಿಮೆಯ ಭಾರ. ಹೊರಗಿನ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿಯವರು ಹೇಗೆ ವ್ಯಾಪಾರ ಮಾಡುತ್ತಾರೋ ದೇವರೇ ಬಲ್ಲ.

ನಾವು ಇದಕ್ಕೆ ಒಗ್ಗಿಹೋಗಿದ್ದೇವೆ. ನೀರನ್ನು ಆದಷ್ಟೂ ಬಾವಿಯ ಕಟ್ಟೆಯ ಮೇಲೇ ಕುಡಿದು ಬರುತ್ತೇವೆ. ಹೊತ್ತಷ್ಟೂ ಕೊಡ ಭಾರವಾಗುತ್ತ ಹೋಗಿ, ಮನೆ ಮುಟ್ಟುವ ಹೊತ್ತಿಗೆ ಇಳಿಸಲು ಇನ್ನೊಬ್ಬರು ಬೇಕಾಗುತ್ತದೆ. ಕೈಮಗ್ಗದ ಸೀರೆ ಉಟ್ಟ ಮದುಮಗಳನ್ನು ಎಬ್ಬಿಸಿ ನಿಲ್ಲಿಸಲು ಗಟ್ಟಿಮುಟ್ಟಾದ ಇಬ್ಬರು ಸೋದರತ್ತೆಯರಿರಬೇಕು. ಬೀಡಿ ತುಂಬಿದ ಲಾರಿ ಊರ ಗಡಿ ದಾಟಿ ಒಳಬಂದೊಡನೆ ನೆಲಕ್ಕೆ ಕುಸಿಯುತ್ತದೆ, ಡ್ರೈವರ್ ಕೆಳಗಿಳಿದು ಟೈರುಗಳನ್ನು ಒದ್ದು ನೋಡುತ್ತಾನೆ. ಕಾರ್ಖಾನೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ಗಾಳಿಯ ದಿನಗಳಲ್ಲಿ ಹಗ್ಗ ಹಾಕಿ ಕಟ್ಟಿಡುತ್ತೇವೆ. ರೊಟ್ಟಿಯ ಬುತ್ತಿ ಹಿಡಿದ ಮಕ್ಕಳು ಶಾಲೆಗೆ ಒಂದು ಕಡೆ ವಾಲಿಕೊಂಡೇ ಹೋಗುತ್ತವೆ. ಆ ವಾಲುವಿಕೆಯನ್ನು ಬಾಗಿಲಲ್ಲಿ ನಿಂತು ನೋಡುವುದೇ ತಾಯಂದಿರಿಗೆ ಒಂದು ಹೆಮ್ಮೆ.

ದುಡಿದವರಿಗೆ ಈ ಊರಿನಲ್ಲಿ ಯಾರೂ ಮೋಸ ಮಾಡಲಾರರು ಎಂಬುದು ನಮ್ಮ ದೊಡ್ಡ ಜಂಬ. ಚಾವಡಿಯ ಮುಂದೆ ಆಳೆತ್ತರದ ತಕ್ಕಡಿ ಇದೆ. ಅದರ ಪಕ್ಕದಲ್ಲಿ ಕಲ್ಲಿನ ಗುಂಡುಗಳ ರಾಶಿ. ಒಂದೊಂದು ಗುಂಡೂ ಒಬ್ಬ ಕಲ್ಲುಕುಟಿಗ ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಕೂತು ಕಡೆದದ್ದು, ಆದ್ದರಿಂದ ನಮ್ಮ ತೂಕದ ಹೆಸರು ‘ದಿನ’. ಒಂದು ಜೊತೆ ಚಪ್ಪಲಿ ಎರಡು ದಿನ, ಒಂದು ಕೌದಿ ಇಪ್ಪತ್ತು ದಿನ, ಹೀಗೆ. ಬೆಲೆಯೂ ಪಗಾರವೂ ಅಲ್ಲೇ ನಿರ್ಧಾರ. ತೂಗುವವನು ಇಮಾಮಸಾಬ, ಅವನ ಅಪ್ಪ, ಅಜ್ಜ ತೂಗಿದ್ದೂ ಅದೇ ತಕ್ಕಡಿಯಲ್ಲಿ. ಅವರ ಮನೆತನದ ಕೈ ಎಂದೂ ನಡುಗಿದ್ದಿಲ್ಲ. ಆ ತಕ್ಕಡಿಯ ಎದುರಿಗೇ ನಾನು ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟಿರುವುದು. ಶಾವಂತ್ರವ್ವನ ಮಿರ್ಚಿ ಎಂದರೆ ಊರಿಗೆಲ್ಲ ಗೊತ್ತು, ತೂಕ ಸ್ವಲ್ಪ ಕಡಿಮೆ, ಖಾರ ಸ್ವಲ್ಪ ಜಾಸ್ತಿ.

ತೂಗುವಾಗ ಒಂದೇ ಒಂದು ಕಳೆಯುವ ಲೆಕ್ಕವಿತ್ತು. ಹಳೆಯ ಸಾಮಾನುಗಳು ಮಾಡಿದಾಗ ಇದ್ದದ್ದಕ್ಕಿಂತ ಭಾರವಾಗುತ್ತ ಹೋಗುತ್ತವೆ. ಅಜ್ಜಿಯ ಕಾಲದ ತಪ್ಪೇಲಿ, ನಾಲ್ಕು ತಲೆಮಾರು ತೂಗಿದ ತೊಟ್ಟಿಲು, ಹೊಸ್ತಿಲು, ಇವುಗಳನ್ನು ಅಲುಗಿಸಲೂ ಆಗದು. ವಯಸ್ಸಾದರೆ ಮನುಷ್ಯರಿಗೂ ಮೈ ಭಾರವಾಗುವುದಿಲ್ಲವೇ, ಹಾಗೆ ಅಂದುಕೊಂಡು ಹಿರಿಯರು ಅದಕ್ಕೆ ‘ಮುಪ್ಪಿನ ತೂಕ’ ಎಂದು ಹೆಸರಿಟ್ಟಿದ್ದರು. ಹಳೆಯ ವಸ್ತು ತಕ್ಕಡಿಗೆ ಬಂದರೆ ಇಮಾಮಸಾಬ ಮುಪ್ಪಿನ ತೂಕ ಕಳೆದು, ಉಳಿದದ್ದನ್ನು ಕೂಗುತ್ತಿದ್ದ. ಯಾರೂ ಜಗಳ ತೆಗೆದದ್ದಿಲ್ಲ.

ಇನ್ನು ಮದುವೆಯ ಮಾತು. ನಮ್ಮಲ್ಲಿ ವರದಕ್ಷಿಣೆ ಕೇಳುವವರಿಲ್ಲ. ಮದುವೆಗೆ ಮೊದಲು ಎರಡೂ ಮನೆಯವರು ತಾವು ದುಡಿದ ಒಂದು ವಸ್ತುವನ್ನು ತಕ್ಕಡಿಗೆ ತರುತ್ತಾರೆ. ಇಮಾಮಸಾಬ ಅದನ್ನು ತೂಗಿ, ಮನೆತನದ ಹೆಸರು ಹಿಡಿದು, ಇಷ್ಟು ದಿನ ಎಂದು ಊರಿಗೆ ಕೇಳುವ ಹಾಗೆ ಕೂಗುತ್ತಾನೆ. ಆಮೇಲೆ ಗಂಡಿನ ತಾಯಿ ಹೆಣ್ಣಿನ ಮನೆಯ ವಸ್ತುವನ್ನು ತನ್ನ ಕೈಯಾರೆ ಹೊತ್ತು ಮನೆಗೆ ಒಯ್ಯುತ್ತಾಳೆ. ಆ ಕೂಗು ಆ ಮನೆಗೆ ತಲೆಮಾರಿನವರೆಗೆ ಅಂಟಿಕೊಳ್ಳುತ್ತದೆ. ನಲವತ್ತು ದಿನದವರ ಸೊಸೆ, ಅರವತ್ತು ದಿನದವರ ಮೊಮ್ಮಗ ಎಂದೇ ಜನ ಗುರುತು ಹೇಳುತ್ತಾರೆ. ಏನೂ ತರಲಾಗದವರ ಪಾಲಿಗೆ ಇಮಾಮಸಾಬ ಬರಿಯ ತಕ್ಕಡಿ ಮುಟ್ಟಿ ‘ಹಗುರ’ ಎಂದು ಕೂಗುತ್ತಾನೆ.

ಹುಲಿಗೆವ್ವನ ಮನೆಯವರನ್ನು ಊರು ಹಗುರದವರು ಎನ್ನುತ್ತಿತ್ತು. ಬಾವಿಯಿಂದ ಸುಂಕದ ಕಟ್ಟೆಯವರೆಗಿನ ಚಾವಡಿ ಬೀದಿಯನ್ನು ಗುಡಿಸುವುದು ಅವರ ಮನೆತನದ ಕೆಲಸ. ಹುಲಿಗೆವ್ವ ಗುಡಿಸುತ್ತಾಳೆ, ಅವಳಿಗಿಂತ ಮೊದಲು ಅವಳ ಅತ್ತೆ ಕೆಂಚವ್ವ ಗುಡಿಸಿದಳು, ಕೆಂಚವ್ವನ ಅತ್ತೆಯೂ ಗುಡಿಸಿದ್ದಳು. ಬೆಳಿಗ್ಗೆ ಗುಡಿಸಿದ್ದು ಮಧ್ಯಾಹ್ನಕ್ಕೆ ಕಸ. ತಕ್ಕಡಿಗೆ ತರಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಅವಳ ಪಗಾರವನ್ನು ಪುರಸಭೆಯವರು ದುಡಿಮೆಯ ಲೆಕ್ಕದಲ್ಲಿ ಬರೆಯುತ್ತಿರಲಿಲ್ಲ, ದಾನಧರ್ಮದ ಲೆಕ್ಕದಲ್ಲಿ, ಗುಡಿಯ ದೀಪದೆಣ್ಣೆಯ ಕೆಳಗೆ ಬರೆಯುತ್ತಿದ್ದರು.

ಆದರೆ ಹುಲಿಗೆವ್ವನನ್ನು ನೋಡಿದರೆ ಧರ್ಮಕ್ಕೆ ಬದುಕುವವಳು ಎಂದು ಯಾರೂ ಹೇಳಲಾರರು. ಎತ್ತರದ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದು ಬೀದಿಗೆ ಇಳಿದಳೆಂದರೆ ಸೈಕಲ್ಲಿನವರು ಇಳಿದು ನಡೆಯುತ್ತಿದ್ದರು. ಗುಡಿಸಿದ ಜಾಗದಲ್ಲಿ ಎಲೆ ಅಡಿಕೆ ಉಗುಳಿದವನ ಮನೆಯ ಮೂರು ತಲೆಮಾರಿನ ಜಾತಕ ಅಲ್ಲೇ ಬಿಚ್ಚಿ ಓದುತ್ತಿದ್ದಳು. ಕೆಲಸ ಮುಗಿಸಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವಾಗ ಮಾತ್ರ ಬೀದಿಯನ್ನೊಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡುತ್ತಿದ್ದಳು. ನನಗೆ ಆ ನೋಟ ಇಷ್ಟ.

ಅವಳ ಮಗಳು ಅಂಬಿಕಾಗೆ ಮದುವೆ ಗೊತ್ತಾಯಿತು. ಗಂಡಿನ ತಾಯಿ ಮರಿಯವ್ವ, ಕಸಬರಿಗೆ ಕಟ್ಟುವ ಮನೆತನದವಳು. ಮರಿಯವ್ವನ ಕಸಬರಿಗೆಗಳು ಊರಿನಲ್ಲೇ ಭಾರ, ಒಂದು ಕಟ್ಟನ್ನು ಎತ್ತಲು ಎತ್ತಿನ ಗಾಡಿ ಬೇಕು. ಅವಳ ಮನೆಯ ಕೂಗು ಐವತ್ತು ದಿನಕ್ಕೆ ಕಡಿಮೆ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಹುಲಿಗೆವ್ವನಿಗೆ ಖುಷಿಯಾಯಿತು, ಖುಷಿಯ ಬೆನ್ನಿಗೇ ಎದೆಯಲ್ಲಿ ಒಂದು ಮುಳ್ಳು ಮುರಿಯಿತು. ತನ್ನ ಮದುವೆಯಲ್ಲಿ ಇಮಾಮಸಾಬನ ಅಪ್ಪ ಗಂಡಿನ ಮನೆಯ ಪಾಲಿಗೆ ಬರಿಯ ತಕ್ಕಡಿ ಮುಟ್ಟಿ ‘ಹಗುರ’ ಎಂದು ಕೂಗಿದ್ದು, ಅತ್ತೆ ಕೆಂಚವ್ವ ಕೆಳಗೆ ನೋಡುತ್ತ ನಿಂತದ್ದು ಅವಳಿಗೆ ಮರೆತಿರಲಿಲ್ಲ. ಮಗಳು ಆ ಮಾತನ್ನು ತಲೆಯ ಮೇಲೆ ಹೊತ್ತು ಐವತ್ತು ದಿನದವರ ಮನೆಗೆ ಹೋಗುವುದು ಅವಳಿಗೆ ಬೇಡವಾಗಿತ್ತು.

‘ಯವ್ವಾ, ಹಗುರ ಅಂದ್ರ ಅನ್ಲಿ ಬಿಡು’ ಎಂದಳು ಅಂಬಿಕಾ. ‘ಹೊರಾಕ ಸುಲಭ ಅಲ್ಲೇನು?’

‘ನಗಬ್ಯಾಡ. ನಾಳೆ ನೀ ಒಂದು ಮಾತು ಆಡಿದ್ರ, ಹಗುರದವರ ಮಗಳು ಅಂತ ಬಾಯಿ ಮುಚ್ಚಸ್ತಾರ’ ಎಂದು ಹುಲಿಗೆವ್ವ ಮಗಳ ಜಡೆ ಎಳೆದು ಕೂರಿಸಿ ಎಣ್ಣೆ ಹಚ್ಚಿದಳು.

ಅದೇ ದಿನಗಳಲ್ಲಿ ಪುರಸಭೆಯ ಅಧ್ಯಕ್ಷರಾದ ಗವಿಸಿದ್ದಪ್ಪನವರು ಮಿರ್ಚಿ ತಿನ್ನಲು ನನ್ನ ಅಂಗಡಿಗೆ ಬಂದರು, ಹುಲಿಗೆವ್ವ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಕೆಟ್ಟ ಮನುಷ್ಯರೇನಲ್ಲ. ಆದರೆ ಕೆಟ್ಟ ಸುದ್ದಿ ಹೇಳುವಾಗ ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ಹೇಳುವ ಅಭ್ಯಾಸ ಅವರದು.

‘ಹುಲಿಗೆವ್ವ, ತಪ್ಪು ತಿಳೀಬ್ಯಾಡ. ಹೊರಗಿನ ಕಂಪನಿಯವರು ಬೀದಿ ಗುಡಿಸೂ ಮಿಷನ್ ಕೊಡ್ತಾರಂತ. ಅಂಬಿಕಾನ ಮದಿವಿ ಆತು ಅಂದ್ರ ನಿನಗ ಆರಾಮ.’

‘ಆರಾಮ ಯಾರು ಕೇಳ್ಯಾರ? ಪಗಾರದ್ದು ಹೇಳ್ರಿ.’

‘ಪಗಾರ ಅಂದ್ರ ತೂಕದ ಮ್ಯಾಲೆ. ನೀ ದುಡದೀದಿ, ಇಲ್ಲ ಅನ್ನಂಗಿಲ್ಲ. ಆದ್ರ ನಿಮ್ಮ ಮನಿಯವರು ತಕ್ಕಡಿಗೆ ಒಮ್ಮೆರ ಏನರ ತಂದೀರೇನು? ಒಂದು ಗುಂಡರ ಅಲುಗೈತೇನು? ಊರು ಕೇಳಿದ್ರ ನಾ ಏನು ತೋರಸ್ಲಿ?’

ಅಧ್ಯಕ್ಷರು ಎದ್ದು ಹೋದ ಮೇಲೂ ಹುಲಿಗೆವ್ವ ಚಹಾದ ಲೋಟ ಹಿಡಿದು ಹಾಗೇ ಕೂತಳು. ‘ಶಾವಂತ್ರಕ್ಕ, ನಾ ದಿನಾ ಹಾಕೂ ಬೆವರು ಎಲ್ಲಿ ಹೊಕ್ಕೈತಿ? ಗಾಳ್ಯಾಗ ಹೊಕ್ಕೈತೇನು?’ ಎಂದು ಕೇಳಿದಳು. ನಾನು ಒಂದು ಮಿರ್ಚಿ ಕೊಟ್ಟೆ.

ಆಮೇಲೆ ಅವಳು ಹಟಕ್ಕೆ ಬಿದ್ದಳು. ಒಂದು ದಿನ ತನ್ನ ಕಸಬರಿಗೆಯನ್ನೇ ತಕ್ಕಡಿಗೆ ಇಟ್ಟಳು. ತಟ್ಟೆ ಧಡ್ಡನೆ ಇಳಿಯಿತು. ಅವಳ ಮುಖ ಅರಳಿದ್ದನ್ನು ನಾನು ಅಂಗಡಿಯಿಂದ ನೋಡಿದೆ. ಇಮಾಮಸಾಬ ಮೆಲ್ಲಗೆ ಹೇಳಿದ, ‘ಇದು ಮರಿಯವ್ವನ ಕೈತೂಕ ಐತೆವ್ವ. ಕಟ್ಟಿದಾಕಿ ಆಕಿ.’ ಬೀಗತಿಯ ದುಡಿಮೆಯನ್ನೇ ಬೀಗತಿಯ ಮುಂದೆ ಇಡುವುದು ಹೇಗೆ? ಮಾರನೆಯ ದಿನ ಕಸದ ಬುಟ್ಟಿ ತಂದಳು. ಅದೂ ಇಳಿಯಿತು. ಇಮಾಮಸಾಬ ಬುಟ್ಟಿಯೊಳಗೆ ಕೈ ಹಾಕಿ ಹರಿದ ಚಪ್ಪಲಿ ತೆಗೆದ, ಮುರಿದ ಮೊರ ತೆಗೆದ, ಬಾಡಿದ ಹೂವಿನ ಸರ ತೆಗೆದ, ಒಂದೊಂದು ತೆಗೆದಾಗಲೂ ತಟ್ಟೆ ಒಂದೊಂದು ಗೇಣು ಮೇಲೆದ್ದಿತು. ಬುಟ್ಟಿಯನ್ನೂ ತೆಗೆದಿಟ್ಟ ಮೇಲೆ ಉಳಿದ ಬರೀ ಧೂಳಿಗೆ ತಟ್ಟೆ ಅಲುಗಲೂ ಇಲ್ಲ. ಅವನಿಗೇ ಸಂಕಟವಾಯಿತು, ತಲೆಯ ಮೇಲಿನ ಟೋಪಿ ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದ.

ಕೊನೆಗೆ ಜೊಂಡು ತಂದು ಚಾಪೆ ಹೆಣೆಯಲು ಕೂತಳು. ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು. ಬಿಚ್ಚಿ ಹೆಣೆದಷ್ಟೂ ತೂಕ ಹೆಚ್ಚಾಗುತ್ತದೆ, ನಮ್ಮೂರಲ್ಲಿ ಹೀಗೆ ತೂಕ ಹೆಚ್ಚಿಸಿಕೊಳ್ಳುವ ಕಳ್ಳಕೈಗಳೂ ಇವೆ. ಆದರೆ ಒಂದು ಸಂಜೆ ನಾನು ಹೋದಾಗ ಆ ಚಾಪೆ ಅಂಗಳದ ಮೂಲೆಯಲ್ಲಿ ಬಿದ್ದಿತ್ತು.

‘ಯಾಕ ಬಿಟ್ಟಿ?’ ಎಂದೆ.

‘ನಾ ಚಾಪಿ ಮಾಡಾಕಿ ಅಲ್ಲ, ಶಾವಂತ್ರಕ್ಕ. ನನ್ನ ಕೆಲಸ ಬಿಟ್ಟು ಬ್ಯಾರೆ ಕೆಲಸದ ತೂಕ ಕೂಗಿಸಿದ್ರ, ಅದು ನಮ್ಮ ಮನಿ ತೂಕ ಹ್ಯಾಂಗಾಕ್ಕೈತಿ?’

ನಾನು ತಡೆಯಲಾರದೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ನನ್ನ ಹತ್ತಿರ ನಾನೇ ಹೊಲಿದ ಕೌದಿ ಒಂದಿತ್ತು, ಇಪ್ಪತ್ತೈದು ದಿನಕ್ಕೆ ಮೋಸವಿಲ್ಲ. ಅದನ್ನು ನಿನ್ನದೇ ಎಂದು ಒಯ್ಯಿ, ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ‘ಬ್ಯಾರೇದವರ ಬೆವರು ನನ್ನ ಹೆಸರಿಗೆ ಕೂಗಸ್ಲೇನು? ಹಗುರ ಅನಿಸ್ಕೋತೀನಿ, ಕಳ್ಳಿ ಅನಿಸ್ಕೊಳ್ಳಂಗಿಲ್ಲ.’ ಎರಡು ದಿನ ನನ್ನ ಅಂಗಡಿಗೆ ಚಹಾಕ್ಕೂ ಬರಲಿಲ್ಲ. ನನಗೆ ಬೇಸರವಾಗುವುದರ ಬದಲು, ನನ್ನ ಗೆಳತಿಯ ಬಗ್ಗೆ ಎದೆ ಉಬ್ಬಿತು.

ಈ ನಡುವೆ ಊರಿಗೆ ಒಳಚರಂಡಿ ಮಂಜೂರಾಗಿ ಹೊರಗಿನಿಂದ ಗುತ್ತಿಗೆದಾರನೊಬ್ಬ ಆಳುಗಳನ್ನೂ ಜೆಸಿಬಿಯನ್ನೂ ತಂದಿದ್ದ. ಬೀದಿಯ ಚಪ್ಪಡಿ ಎಬ್ಬಿಸಿ ಕೆಳಗೆ ಪೈಪು ಹೂಳುವ ಕೆಲಸ. ಮೊದಲು ಕೋಟೆ ಓಣಿಯಲ್ಲಿ ಶುರು ಮಾಡಿದರು. ಕೋಟೆ ಓಣಿ ಮತ್ತು ಚಾವಡಿ ಬೀದಿ, ಎರಡಕ್ಕೂ ಒಂದೇ ವರ್ಷ, ಒಂದೇ ಗುಡ್ಡದ ಕಲ್ಲು ಹಾಸಿದ್ದು. ಅದು ಎಲ್ಲರ ಅಜ್ಜಂದಿರೂ ಹೇಳಿದ ಮಾತು. ಆದರೆ ಕೋಟೆ ಓಣಿಗೆ ಪುರಸಭೆ ಎಂದೂ ಗುಡಿಸುವವರನ್ನು ಇಟ್ಟಿರಲಿಲ್ಲ. ಅಲ್ಲಿ ಆಡು ತಿಂದದ್ದು ಆಡಿಗೆ, ಗಾಳಿ ಒಯ್ದದ್ದು ಗಾಳಿಗೆ. ಅಲ್ಲಿಯ ಚಪ್ಪಡಿಗಳನ್ನು ಆಳುಗಳು ಕಂಕುಳಲ್ಲಿ ಒಂದೊಂದು ಇಟ್ಟುಕೊಂಡು ಹೋಗಿ ಬದಿಗೆ ಜೋಡಿಸಿದರು. ಇಮಾಮಸಾಬನೂ ಹೋಗಿ ಒಂದನ್ನು ಎತ್ತಿ ನೋಡಿದ.

‘ಅಜ್ಜನ ಕಾಲದ ಕಲ್ಲು’ ಎಂದು ಗಡ್ಡ ಕೆರೆದುಕೊಂಡ. ‘ಮುಪ್ಪಿನ ತೂಕ ಎಲ್ಲಿ ಹೋತು ಇದರದ್ದು?’

ಕೋಟೆ ಓಣಿಯಲ್ಲಿ ಕಲ್ಲುಗಳೂ ಸೋಮಾರಿ, ವಯಸ್ಸಾಗಲೂ ಬೇಸರ ಅವಕ್ಕೆ ಎಂದು ನಾವೆಲ್ಲ ನಕ್ಕೆವು. ಅಷ್ಟಕ್ಕೇ ಬಿಟ್ಟೆವು.

ತೂಗುವ ದಿನ ಸೋಮವಾರ ಬಂತು. ಬೆಳಗ್ಗೆ ಎಂದಿನಂತೆ ಬೀದಿ ಗುಡಿಸಿ, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಹುಲಿಗೆವ್ವ ಬರಿಗೈಯಲ್ಲಿ ಬಂದಳು. ಪಕ್ಕದಲ್ಲಿ ಅಂಬಿಕಾ. ಮರಿಯವ್ವ ಗಾಡಿಯಲ್ಲಿ ಕಸಬರಿಗೆಯ ಕಟ್ಟು ಹೇರಿಕೊಂಡು ಬಂದಿದ್ದಳು. ಅದನ್ನು ತಕ್ಕಡಿಗೆ ಏರಿಸಲು ಆರು ಜನ ಬೇಕಾದರು. ಇಮಾಮಸಾಬ ಗುಂಡು ಇಟ್ಟು ಇಟ್ಟು, ಮರಿಯವ್ವನ ಮನೆ ಐವತ್ತೆಂಟು ದಿನ ಎಂದು ಕೂಗಿದ. ಜನ ತಲೆದೂಗಿದರು. ಇನ್ನು ಹೆಣ್ಣಿನ ಮನೆಯ ಸರದಿ. ಹುಲಿಗೆವ್ವ ಎರಡು ಹೆಜ್ಜೆ ಮುಂದೆ ಬಂದು, ತಲೆ ಎತ್ತಿಯೇ ನಿಂತಳು. ಇಮಾಮಸಾಬ ತಕ್ಕಡಿ ಮುಟ್ಟುವ ಬದಲು ಕುಡಿಯಲು ನೀರು ಕೇಳಿದ.

ಅಷ್ಟರಲ್ಲಿ ಗುತ್ತಿಗೆದಾರನ ಆಳುಗಳು ಬೀದಿಗೆ ಇಳಿದಿದ್ದರು. ಅವರಿಗೆ ನಮ್ಮ ಮದುವೆ ಏನು ಗೊತ್ತು? ಬಾವಿಯ ಹತ್ತಿರದ ಮೊದಲ ಚಪ್ಪಡಿಗೆ ಹಾರೆ ಹಾಕಿ ಮೀಟಿದರು. ಹಾರೆ ಬಾಗಿತು. ಇನ್ನೊಂದು ಹಾಕಿದರು, ಅದೂ ಬಾಗಿತು. ಪಕ್ಕದ ಚಪ್ಪಡಿಗೆ ಹೋದರು, ಅದರ ಪಕ್ಕದ್ದಕ್ಕೆ ಹೋದರು. ನಾಲ್ಕು ಜನ ಹಾರೆಗೆ ಜೋತುಬಿದ್ದರೂ ಕಲ್ಲು ಮಿಸುಕಲಿಲ್ಲ. ಜೆಸಿಬಿ ತಂದು ತಕ್ಕಡಿಯ ಮುಂದಿನ ಚಪ್ಪಡಿಗೇ ಹಲ್ಲು ಹಾಕಿಸಿದರು. ಯಂತ್ರ ಗರ್ಜಿಸಿ ಗರ್ಜಿಸಿ, ಕಲ್ಲು ಏಳುವ ಬದಲು ಅದರ ಹಿಂದಿನ ಗಾಲಿಗಳೇ ಮೇಲೆದ್ದವು.

‘ಇದಕ್ಕ ಸಿಮೆಂಟು ಹಾಕ್ದವ್ರು ಯಾರು?’ ಎಂದು ಗುತ್ತಿಗೆದಾರ ಸಿಟ್ಟಾದ.

ಸಿಮೆಂಟು ಎಲ್ಲಿಯದು? ಇಮಾಮಸಾಬ ತಕ್ಕಡಿ ಬಿಟ್ಟು ಬಂದು ಮಂಡಿಯೂರಿ ಕಲ್ಲನ್ನು ಕೈಯಿಂದ ಸವರಿದ. ಉಳಿಯ ಗುರುತು ಒಂದೂ ಇರಲಿಲ್ಲ. ಗವಿಸಿದ್ದಪ್ಪನವರು ತಿಳಿದವರ ಹಾಗೆ, ‘ಮುಪ್ಪಿನ ತೂಕ’ ಎಂದರು.

‘ಕೋಟಿ ಓಣಿ ಕಲ್ಲಿಗೂ ಇಷ್ಟಽ ಮುಪ್ಪು ಐತ್ರಿ’ ಎಂದ ಇಮಾಮಸಾಬ.

ಆಳುಗಳು ಬೀದಿಯುದ್ದಕ್ಕೂ ಒಂದೊಂದು ಕಲ್ಲನ್ನು ಮೀಟುತ್ತ ಹೋದರು, ಒಂದೂ ಏಳಲಿಲ್ಲ. ಸುಂಕದ ಕಟ್ಟೆ ದಾಟಿದ ಮೇಲಿನ ಮೊದಲ ಕಲ್ಲಿಗೆ ಒಬ್ಬ ಸಿಟ್ಟಿನಿಂದ ಕೈ ಹಾಕಿ ಎಳೆದ. ಅದು ಒಂದೇ ಎಳೆತಕ್ಕೆ ಎದ್ದು ಬಂತು. ಊಟದ ತಾಟು ಹಿಡಿದವನಂತೆ ಅದನ್ನು ಹಿಡಿದುಕೊಂಡು ಅವನು ಪೆಚ್ಚಾಗಿ ನಮ್ಮ ಕಡೆ ನೋಡಿದ. ಸುಂಕದ ಕಟ್ಟೆಗೆ ಏನು ಮುಗಿಯುತ್ತದೆ ಎಂಬುದು ಊರಿನವರಿಗೆಲ್ಲ ಗೊತ್ತಿತ್ತು, ಆದರೂ ಅದನ್ನು ಬಾಯಿಬಿಟ್ಟು ಹೇಳಿದವಳು ಮರಿಯವ್ವ.

‘ಕಸಬರಿಗಿ ನಾ ಕಟ್ಟತೀನಿ’ ಎಂದಳು. ‘ಅದು ಎಲ್ಲಿ ಸವೀತೈತಿ ಅಂತ ನನಗ ಗೊತ್ತಿಲ್ಲೇನು?’

ಆಗ ಎಲ್ಲರೂ ಹುಲಿಗೆವ್ವನ ಕಡೆ ತಿರುಗಿದರು. ಅವಳು ಯಾರನ್ನೂ ನೋಡದೆ ಕೆಳಗೆ, ತನ್ನ ಪಾದಗಳ ಕೆಳಗಿನ ಕಲ್ಲನ್ನು ನೋಡುತ್ತಿದ್ದಳು. ನನ್ನ ಅಂಗಡಿಗೆ ನನ್ನ ಅತ್ತೆಯ ಕಾಲದಲ್ಲಿ ಒಂದೇ ಮೆಟ್ಟಿಲಿತ್ತು, ಈಗ ಮೂರು ಕಟ್ಟಿಸಿದ್ದೇನೆ. ಅಂಗಡಿ ಮೇಲೆದ್ದಿರಲಿಲ್ಲ, ಬೀದಿ ತನ್ನ ಭಾರಕ್ಕೆ ಕೆಳಗಿಳಿದಿತ್ತು. ಇಷ್ಟು ವರ್ಷ ಅಂಗಡಿ ಕಟ್ಟಿದ ಗೌಂಡಿಯನ್ನು ಬೈದದ್ದೇ ಬಂತು. ಚಾವಡಿಯ ಮುಂದೆ ನಿಂತ ಹೆಂಗಸರ ಮುಖಗಳನ್ನು ನೋಡಿದೆ. ಒಬ್ಬೊಬ್ಬಳೂ ಮನೆಯ ತಪ್ಪೇಲಿಯನ್ನು, ತೊಟ್ಟಿಲನ್ನು, ಹೊಸ್ತಿಲನ್ನು ನೆನೆಸುತ್ತಿದ್ದಳು. ಮುಪ್ಪಿನ ತೂಕ ಎಂಬುದೇ ಇರಲಿಲ್ಲ. ತಿಕ್ಕಿದವರ ಕೈ ಇತ್ತು, ತೂಗಿದವರ ಕೈ ಇತ್ತು, ಸಾರಿಸಿದವರ ಕೈ ಇತ್ತು. ಅದನ್ನೇ ನಾವು ತಲೆಮಾರುಗಟ್ಟಲೆ ತಕ್ಕಡಿಯಲ್ಲಿ ಕಳೆಯುತ್ತ ಬಂದಿದ್ದೆವು. ಇಮಾಮಸಾಬ ಚಾವಡಿಯ ಕಟ್ಟೆಯ ಮೇಲೆ ಕುಸಿದು ಕೂತ.

ಆದರೆ ನಿಯಮ ನಿಯಮವೇ. ಗವಿಸಿದ್ದಪ್ಪನವರು, ‘ತಕ್ಕಡಿಗೆ ಏರದ್ದನ್ನ ಕೂಗಾಕ ಬರಂಗಿಲ್ಲ’ ಎಂದರು. ಅವರ ದನಿಯಲ್ಲೂ ಮೊದಲಿನ ಗಟ್ಟಿತನವಿರಲಿಲ್ಲ. ಗುತ್ತಿಗೆದಾರ ಒಂದು ಉಪಾಯ ಹೇಳಿದ, ಸುತ್ತಿಗೆಯಿಂದ ಕಲ್ಲಿನ ಒಂದು ಮೂಲೆ ಒಡೆದು ಅಷ್ಟನ್ನಾದರೂ ತೂಗಿ ಎಂದ. ಆಳು ಸುತ್ತಿಗೆ ಎತ್ತುವುದರೊಳಗೆ ಹುಲಿಗೆವ್ವ ಹೋಗಿ ಆ ಕಲ್ಲಿನ ಮೇಲೆ ನಿಂತಳು.

‘ನಮ್ಮತ್ತಿ ಕೆಂಚವ್ವ ಇದರ ಮ್ಯಾಲೆ ಬಗ್ಗಿ ಬಗ್ಗಿ ನಡಾ ಕಳಕೊಂಡ್ಳು. ಆಕಿ ಅತ್ತೀನೂ ಕಳಕೊಂಡ್ಳು. ಅವರೂ ಇದರಾಗ ಅದಾರ. ಒಡೀರಿ ನೋಡೂಣು.’

ಸುತ್ತಿಗೆ ಕೆಳಗಿಳಿಯಿತು. ಆಮೇಲೆ ಇಮಾಮಸಾಬ ಎದ್ದು, ತಕ್ಕಡಿಯ ಬಳಿಯಿದ್ದ ಗುಂಡುಗಳನ್ನು ತರಲು ಹೇಳಿದ. ಕಲ್ಲು ತಕ್ಕಡಿಗೆ ಬಾರದಿದ್ದರೆ ತಕ್ಕಡಿಯೇ ಕಲ್ಲಿನ ಹತ್ತಿರ ಹೋಗಲಿ ಎಂಬುದು ಅವನ ಲೆಕ್ಕ. ಹುಲಿಗೆವ್ವ ಕಲ್ಲಿನಿಂದ ಇಳಿದು ಬದಿಗೆ ನಿಂತಳು. ಗುತ್ತಿಗೆದಾರನ ಹತ್ತಿರ ಉದ್ದನೆಯ ಕಬ್ಬಿಣದ ತೊಲೆಯಿತ್ತು. ಅದರ ಒಂದು ತುದಿಯನ್ನು ಚಪ್ಪಡಿಯ ಅಂಚಿಗೆ ಸಿಕ್ಕಿಸಿ, ನಡುವೆ ಆಸರೆಗೆ ಮರದ ದಿಂಡು ಕೊಟ್ಟು, ಇನ್ನೊಂದು ತುದಿಗೆ ಸರಪಳಿಯಿಂದ ಹಲಗೆ ತೂಗುಹಾಕಿ ಗುಂಡು ಹೇರತೊಡಗಿದರು. ಹತ್ತು ಗುಂಡು ಹೇರಿದರು. ಐವತ್ತೆಂಟು ದಾಟಿದಾಗ ಮರಿಯವ್ವನೇ ಮೊದಲು ನಕ್ಕಳು. ನೂರು ದಾಟಿತು. ನೇಕಾರರು ತಮ್ಮ ಓಣಿಯಲ್ಲಿದ್ದ ಗುಂಡುಗಳನ್ನು ತಂದರು, ಕುಂಬಾರರು ತಮ್ಮವನ್ನು ತಂದರು, ಹಮಾಲರು ಅಂಗಿ ಕಳಚಿ ಹೊತ್ತರು. ಊರಿನಲ್ಲಿ ಗುಂಡು ಎಂಬುದು ಒಂದೂ ಉಳಿಯದ ಹಾಗೆ ಹೇರಿದ ಮೇಲೆ ತೊಲೆ ನರಳಿತು. ಕಲ್ಲು ಮಾತ್ರ ತನ್ನ ಜಾಗದಲ್ಲಿ ಹಾಗೇ ಮಲಗಿತ್ತು.

ಇಮಾಮಸಾಬ ಬೆವರು ಒರೆಸಿಕೊಂಡು ಚಾವಡಿಯ ಮೇಲೆ ಹತ್ತಿ ನಿಂತ. ಅವನು ಆವತ್ತು ಕೂಗಿದ ಹಾಗೆ ಅವನ ಅಪ್ಪನೂ ಕೂಗಿರಲಿಲ್ಲ, ಅಜ್ಜನೂ ಕೂಗಿರಲಿಲ್ಲ.

‘ಕೆಂಚವ್ವನ ಸೊಸಿ ಹುಲಿಗೆವ್ವನ ಮನಿ’ ಎಂದು ಕೂಗಿದ. ‘ಊರಾಗಿನ ಗುಂಡೆಲ್ಲಾ ಇಟ್ಟೀವಿ. ದಿನ ಸಾಕಾಗವಲ್ಲವು. ಇದು ಒಂದಽ ಕಲ್ಲು. ಬೀದಿ ಇನ್ನೂ ಐತಿ.’

ನನಗೆ ಅಳು ಬಂತು, ಹೇಳಲು ನಾಚಿಕೆಯೇನಿಲ್ಲ. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಯಾರಿಗೂ ಸುಳ್ಳು ಹೇಳಲಿಲ್ಲ. ಹುಲಿಗೆವ್ವ ಅಳಲಿಲ್ಲ. ಕಲ್ಲಿನ ಬದಿಗೆ ನಿಂತವಳು ನಿಂತೇ ಇದ್ದಳು, ಅವಳ ಕುತ್ತಿಗೆ ಇನ್ನೊಂದು ಬೆರಳಷ್ಟು ಎತ್ತರವಾದ ಹಾಗೆ ನನಗೆ ಕಂಡಿತು. ಅಂಬಿಕಾ ಓಡಿಹೋಗಿ ತಾಯಿಯನ್ನು ತಬ್ಬಿಕೊಂಡಳು. ಇನ್ನು ಪದ್ಧತಿಯ ಪ್ರಕಾರ ಹೆಣ್ಣಿನ ಮನೆಯ ವಸ್ತುವನ್ನು ಗಂಡಿನ ತಾಯಿ ಹೊತ್ತು ಒಯ್ಯಬೇಕು. ಮರಿಯವ್ವ ಚಪ್ಪಲಿ ಬದಿಗೆ ಬಿಟ್ಟು ಬಂದು, ಕಲ್ಲಿಗೆ ಎರಡೂ ಕೈ ಹಚ್ಚಿ, ನಿಜವಾಗಿಯೂ ಒಮ್ಮೆ ಎತ್ತಲು ನೋಡಿದಳು. ಆಮೇಲೆ ನಡು ನೇರ ಮಾಡಿಕೊಂಡು, ‘ಇದನ್ನ ಒಯ್ಯಾಕ ನಮ್ಮ ಕೈಲಿ ಆಗೂದಿಲ್ಲ, ಬೀಗತಿ. ಮದಿವಿ ಇದರ ಮ್ಯಾಲೇ ಆಗ್ಲಿ’ ಎಂದಳು.

ಹಾಗೇ ಆಯಿತು. ಒಳಚರಂಡಿಯ ಪೈಪು ಚಾವಡಿ ಬೀದಿಯನ್ನು ಬಿಟ್ಟು, ಹಿಂದಿನ ಹಿತ್ತಿಲುಗಳನ್ನು ಸುತ್ತಿಕೊಂಡು ಹೋಯಿತು. ಇಷ್ಟು ನೇರವಾದ ಬೀದಿ ಇರುವಾಗ ಪೈಪು ಯಾಕೆ ಬಾಗಿತು ಎಂದು ಹೊರಗಿನ ಇಂಜಿನಿಯರುಗಳು ಇವತ್ತಿಗೂ ಕೇಳುತ್ತಾರೆ, ಕಲ್ಲು ಎತ್ತಿ ನೋಡಿ ಅನ್ನುತ್ತೇವೆ. ಗುಡಿಸುವ ಮಿಷನ್ನು ಬಂದ ಲಾರಿಯಲ್ಲೇ ವಾಪಸು ಹೋಯಿತು. ತಕ್ಕಡಿಯಲ್ಲಿ ಮುಪ್ಪಿನ ತೂಕ ಕಳೆಯುವುದನ್ನು ಇಮಾಮಸಾಬ ಬಿಟ್ಟ. ಮೊದಲ ವಾರ ಚಾವಡಿಯ ಮುಂದೆ ಹಳೆಯ ಪಾತ್ರೆ ಹಿಡಿದ ಹೆಂಗಸರ ಸಾಲು ಬಾವಿಯವರೆಗೆ ನಿಂತಿತ್ತು. ನಾನೂ ನನ್ನ ಬಾಣಲೆ ಒಯ್ದಿದ್ದೆ. ಎಷ್ಟು ದಿನ ಎಂದು ಹೇಳುವುದಿಲ್ಲ, ಕೇಳಿದ ಮೇಲೆ ಮೂರು ದಿನ ನೆಲದ ಮೇಲೆ ನಡೆಯಲಿಲ್ಲ.

ಅಂಬಿಕಾಳ ಮದುವೆಗೆ ಬೀದಿಯುದ್ದಕ್ಕೂ ಚಪ್ಪರ ಹಾಕಿದರು. ಆ ಕಲ್ಲುಗಳ ಮೇಲೇ ಸಾಲಾಗಿ ಕೂತು ಊರೆಲ್ಲ ಉಂಡಿತು. ಹೋಳಿಗೆ, ಕಟ್ಟಿನ ಸಾರು, ನನ್ನ ಮಿರ್ಚಿ. ಉಂಡು ಎದ್ದ ಮೇಲೆ ಬೀದಿಯ ತುಂಬ ಎಂಜಲೆಲೆ, ಹೂವು, ಅಕ್ಷತೆ, ಎಲೆಅಡಿಕೆಯ ಚೂರು. ಆಗ ಗವಿಸಿದ್ದಪ್ಪನವರಿಗೆ ಒಂದು ಉಮೇದು ಬಂತು. ಫೋಟೋ ತೆಗೆಯುವವನನ್ನು ಹತ್ತಿರ ಕರೆದು, ರೇಷ್ಮೆ ಶಲ್ಯವನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಇವತ್ತು ಹುಲಿಗೆವ್ವ ಕೂತಿರಲಿ, ಊರಿನ ಪರವಾಗಿ ನಾನೇ ಗುಡಿಸುತ್ತೇನೆ ಎಂದು ಕಸಬರಿಗೆ ಹಿಡಿದರು. ಜನ ಚಪ್ಪಾಳೆ ತಟ್ಟಿದರು. ಹೆಣ್ಣಿನ ತಾಯಿಯಾಗಿ ಕೈಮಗ್ಗದ ಸೀರೆ ಉಟ್ಟು ಕೂತಿದ್ದ ಹುಲಿಗೆವ್ವ, ಯಾರ ಕೈ ಆಸರೆಯೂ ಇಲ್ಲದೆ ಎದ್ದು, ಆ ಭಾರದ ಸೀರೆಯಲ್ಲೇ ನಡೆದು ಬಂದು ಅವರ ಕೈಯಿಂದ ಕಸಬರಿಗೆ ಕಿತ್ತುಕೊಂಡಳು.

‘ನನ್ನ ಕಲ್ಲಿನ ಮ್ಯಾಲೆ ನಿಮ್ಮ ತೂಕ ಬೆರಸಬ್ಯಾಡ್ರಿ’ ಎಂದಳು. ‘ಪಗಾರ ಎಷ್ಟು ಮಾಡೀರಿ ಅದನ್ನ ಹೇಳ್ರಿ.’

ಅಧ್ಯಕ್ಷರು ಸುತ್ತ ನೋಡಿದರು. ಇಡೀ ಊರು ಅವರ ಬಾಯಿಯನ್ನೇ ನೋಡುತ್ತಿತ್ತು, ಫೋಟೋದವನೂ ನೋಡುತ್ತಿದ್ದ. ದಾನಧರ್ಮದ ಲೆಕ್ಕದಲ್ಲಿ ಅಲ್ಲ, ದುಡಿಮೆಯ ಲೆಕ್ಕದಲ್ಲಿ, ಹಮಾಲರಿಗೂ ನೇಕಾರರಿಗೂ ಮೇಲೆ, ಎಂದು ಶುರುಮಾಡಿ ಮೊತ್ತವನ್ನು ಹೇಳಿದರು. ಹುಲಿಗೆವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಸಬರಿಗೆಯನ್ನು ಕೈಯಲ್ಲಿ ನೇರ ಹಿಡಿದು, ಕೊನೆಯವರೆಗೂ ಕೇಳಿದಳು. ಮರಿಯವ್ವ ಅವಳ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಳು.

‘ಇನ್ನೊಮ್ಮೆ ಹೇಳ್ರಿ’ ಎಂದಳು ಹುಲಿಗೆವ್ವ. ‘ನಮ್ಮ ಬೀಗತಿಗೆ ಕೇಳಿಸಲಿಲ್ಲ.’